ನಂಜಿಕೊಳ್ಳಲು ಏನು, ಎಷ್ಟು? ಚಟ್ನಿ, ತಂಬುಳಿ, ಗೊಜ್ಜಿನ ಬಗ್ಗೆ ಓದುಗರ ಪ್ರಶ್ನೆಗಳು

ದೋಸೆ, ರೊಟ್ಟಿ, ಬ್ರೆಡ್ಡಿನ ಜೊತೆ ನಂಜಿಕೊಳ್ಳುವ, ಸವರಿಕೊಳ್ಳುವ ಪದಾರ್ಥಗಳ ಬಗ್ಗೆ ಈ ಸಲ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿಂದಲೂ ಕರಾವಳಿಯಿಂದಲೂ ಪ್ರಶ್ನೆಗಳು ಬಂದಿವೆ. ಕೇಳಿದವರೆಲ್ಲ ಸಸ್ಯಾಹಾರಿಗಳು. ಉತ್ತರಗಳಲ್ಲಿ ಚಮಚ ಎಂದರೆ 5 ಮಿ.ಲೀ. ಹಿಡಿಯುವ ಚಹಾ ಚಮಚ, ದೊಡ್ಡ ಚಮಚ ಎಂದರೆ 15 ಮಿ.ಲೀ., ಕಪ್ ಎಂದರೆ 200 ಮಿ.ಲೀ.

ಪ್ರಶ್ನೆ: ಬೆಳಗಿನ ದೋಸೆ, ತೆಳ್ಳೇವಿಗೆ (ತೆಳು ದೋಸೆಗೆ) ನಮ್ಮಲ್ಲಿ ಕಾಯಿ ಚಟ್ನಿ ಇರಲೇಬೇಕು. ಯಜಮಾನರಿಗೆ ಕೊಲೆಸ್ಟರಾಲ್ ಹೆಚ್ಚಿದೆ, ಕಾಯಿ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಕಾಯಿ ಕಮ್ಮಿ ಮಾಡಿ ಪುಟಾಣಿ (ಹುರಿಗಡಲೆ) ಹೆಚ್ಚಿಸಿದರೆ ಚಟ್ನಿ ಅಂಟಂಟಾಗಿ ಹಿಟ್ಟಿನ ರುಚಿ ಬರುತ್ತದೆ. ಚಟ್ನಿ ಬಿಟ್ಟು ಜೋನಿ ಬೆಲ್ಲ (ನೀರು ಬೆಲ್ಲ) ಹಾಕಿಕೊಳ್ಳಬಹುದೇ? (ಶಿರಸಿ)

ಮೊದಲು ಕಾಯಿಯ ಲೆಕ್ಕ. ಒಂದು ಕಪ್ ಹಸಿ ಕಾಯಿತುರಿ ಸುಮಾರು 80 ಗ್ರಾಂ ತೂಗುತ್ತದೆ. ಅದರಲ್ಲಿ 27 ಗ್ರಾಂನಷ್ಟು ಕೊಬ್ಬು, ಆ ಕೊಬ್ಬಿನಲ್ಲಿ 24 ಗ್ರಾಂ ಸ್ಯಾಚುರೇಟೆಡ್ ಜಾತಿಯದು, ಅಂದರೆ ಕೊಲೆಸ್ಟರಾಲ್ ಏರಿಸುವಂಥದು. ನಾಲ್ಕು ಜನ ಹಂಚಿಕೊಂಡರೆ ತಲೆಗೆ 6 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಚಟ್ನಿಯೊಂದನ್ನೇ ನೋಡಿದರೆ ಇದು ಗಾಬರಿ ಬೀಳುವ ಸಂಗತಿಯಲ್ಲ. ಆದರೆ ನಮ್ಮ ಕಡೆ ಕಾಯಿ ಬೆಳಗಿನ ಚಟ್ನಿಗೇ ಮುಗಿಯುವುದಿಲ್ಲ. ಮಧ್ಯಾಹ್ನದ ಹುಳಿಗೆ ಕಡೆದ ಕಾಯಿ, ಪಲ್ಯದ ಮೇಲೆ ಉದುರಿಸಿದ ಕಾಯಿ, ತಂಬುಳಿಗೆ ಮತ್ತಷ್ಟು, ರಾತ್ರಿಯ ಸಾಸಿವೆಗೆ (ಕಾಯಿ, ಸಾಸಿವೆ ಅರೆದ ಮೊಸರಿನ ಪದಾರ್ಥಕ್ಕೆ) ಇನ್ನಷ್ಟು. ಹಾಗಾಗಿ ಡಾಕ್ಟರ ಮಾತನ್ನು ಇಡೀ ದಿನದ ಅಡುಗೆಗೆ ಅನ್ವಯಿಸಿಕೊಳ್ಳಿ. ದಿನಕ್ಕೆ ಒಂದೇ ಪದಾರ್ಥಕ್ಕೆ ಕಾಯಿ ಕಡೆಯುವುದೆಂದು ಇಟ್ಟುಕೊಂಡರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಇನ್ನು ಅಂಟಿನ ವಿಷಯ. ಪುಟಾಣಿಯ ಪಿಷ್ಟ ಕಡೆದ ಮೇಲೂ ನೀರು ಹೀರುತ್ತಲೇ ಇರುತ್ತದೆ. ಮಿಕ್ಸಿಯಲ್ಲಿ ಸರಿಯಾಗಿ ಕಂಡ ಚಟ್ನಿ ಹತ್ತು ನಿಮಿಷಕ್ಕೆ ಗಟ್ಟಿಯಾಗುವುದು ಅದಕ್ಕೇ. ಕಳೆದ ಕಾಯಿಯ ಜಾಗವನ್ನು ಪುಟಾಣಿಯಿಂದಲೇ ತುಂಬಬೇಡಿ, ಹೆಚ್ಚಿನ ಪಾಲನ್ನು ತರಕಾರಿಗೆ ಬಿಡಿ. ನಾಲ್ಕು ಜನರಿಗೆ ಈ ಅಳತೆ ಹೊಂದುತ್ತದೆ: ಕಾಲು ಕಪ್ ಕಾಯಿತುರಿ, ಎರಡು ದೊಡ್ಡ ಚಮಚ ಪುಟಾಣಿ, ಒಂದು ದೊಡ್ಡ ಚಮಚ ಉದ್ದಿನಬೇಳೆ, ಒಂದು ಕಪ್ ಹೆಚ್ಚಿದ ತರಕಾರಿ, ಎರಡು ಹಸಿಮೆಣಸು, ನೆಲ್ಲಿಕಾಯಿ ಗಾತ್ರದಲ್ಲಿ ಅರ್ಧದಷ್ಟು ಹುಣಸೆಹಣ್ಣು, ಅರ್ಧ ಚಮಚ ಉಪ್ಪು. ತರಕಾರಿ ಹೀರೆಕಾಯಿ ಸಿಪ್ಪೆಯಾಗಬಹುದು, ಸೀಮೆಬದನೆ, ಕ್ಯಾರೆಟ್ ಅಥವಾ ಕುಮಟಾದ ಸಿಹಿ ಈರುಳ್ಳಿಯೂ ಆಗಬಹುದು.

ಬಾಣಲೆಗೆ ಒಂದೇ ಚಮಚ ಎಣ್ಣೆ ಹಾಕಿ ಉದ್ದಿನಬೇಳೆ ಕೆಂಪಾಗುವವರೆಗೆ ಹುರಿಯಿರಿ. ಪುಟಾಣಿಯನ್ನು ಕೊನೆಯ ಒಂದು ನಿಮಿಷ ಅದರ ಜೊತೆಗೇ ಬೆಚ್ಚಗೆ ಮಾಡಿ ತೆಗೆದರೆ ಹಿಟ್ಟಿನ ವಾಸನೆ ಹೋಗುತ್ತದೆ. ಅದೇ ಬಾಣಲೆಯಲ್ಲಿ ಮೆಣಸು ಮತ್ತು ತರಕಾರಿ ಬಾಡಿಸಿ. ಹೀರೆ ಸಿಪ್ಪೆಯಾದರೆ ಅದರ ನೀರಿನಂಶ ಪೂರ್ತಿ ಆರಿ ಅಂಚು ಕಂದುವವರೆಗೆ, ಅಂದರೆ ಏಳೆಂಟು ನಿಮಿಷ ಬಿಡಬೇಕು. ಅವಸರ ಮಾಡಿದರೆ ಚಟ್ನಿಗೆ ಹಸಿ ಸೊಪ್ಪಿನ ನಾತ ಬರುತ್ತದೆ. ಹೀರೆಕಾಯಿಯ ಒಂದು ಚೂರನ್ನು ಮೊದಲೇ ಬಾಯಿಗೆ ಹಾಕಿ ನೋಡಿ, ಕಹಿಯಿದ್ದರೆ ಕಾಯಿ ಪೂರ್ತಿ ಎಸೆಯಿರಿ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರಿಸುತ್ತದೆ.

ಎಲ್ಲ ಆರಿದ ಮೇಲೆ ಬೇಳೆ, ಪುಟಾಣಿಯನ್ನು ನೀರಿಲ್ಲದೆ ಪುಡಿ ಮಾಡಿ. ಆಮೇಲೆ ತರಕಾರಿ, ಹುಣಸೆಹಣ್ಣು, ಉಪ್ಪು ಹಾಕಿ ನುಣ್ಣಗೆ ಕಡೆಯಿರಿ. ಕಾಯಿಯನ್ನು ಕಡೆಗೆ ಹಾಕಿ ಎರಡು ಸುತ್ತು ತಿರುಗಿಸಿದರೆ ಸಾಕು. ಈ ಕ್ರಮವೇ ಮುಖ್ಯ. ಕಾಯಿ ತರಿತರಿಯಾಗಿ ಉಳಿದಾಗ ಹಲ್ಲಿಗೆ ಸಿಗುತ್ತದೆ, ಕಾಲು ಕಪ್ಪೂ ಅರ್ಧ ಕಪ್ಪಿನ ರುಚಿ ಕೊಡುತ್ತದೆ. ನುಣ್ಣಗೆ ಅರೆದ ಕಾಯಿ ಹಾಲಾಗಿ ತರಕಾರಿಯೊಳಗೆ ಕರಗಿ ಕಾಣೆಯಾಗುತ್ತದೆ. ಒಗ್ಗರಣೆ ಬೇಕೆಂದರೆ ಅರ್ಧ ಚಮಚ ಶೇಂಗಾ ಎಣ್ಣೆ ಅಥವಾ ಎಳ್ಳೆಣ್ಣೆ ಬಳಸಿ. ಕೊಲೆಸ್ಟರಾಲ್ ಇದ್ದವರಿಗೆ ತೆಂಗಿನೆಣ್ಣೆಯ ಒಗ್ಗರಣೆ ಬೇಡ, ಅದರ ಕೊಬ್ಬಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸ್ಯಾಚುರೇಟೆಡ್ ಆಗಿರುತ್ತದೆ.

ಜೋನಿ ಬೆಲ್ಲ ಚಟ್ನಿಗೆ ಬದಲಿಯಾಗದು. ಒಂದು ದೊಡ್ಡ ಚಮಚದಲ್ಲಿ ಸುಮಾರು 14 ಗ್ರಾಂ ಸಕ್ಕರೆ ಇರುತ್ತದೆ. ಹೊರಗಿನಿಂದ ಸೇರಿಸುವ ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗೆ ಇಟ್ಟರೆ ಒಳ್ಳೆಯದು. ಎರಡು ತೆಳ್ಳೇವಿಗೆ ಸುರಿದುಕೊಳ್ಳುವ ಬೆಲ್ಲದಲ್ಲೇ ಅದು ಮುಗಿದಿರುತ್ತದೆ, ಮೇಲಿನ ತುಪ್ಪ ಬೇರೆ. ಬೆಲ್ಲದಲ್ಲಿ ಕಬ್ಬಿಣದಂಶವಿದೆ ಎಂಬುದು ನಿಜ, ಆದರೆ ಅದಕ್ಕಾಗಿ ತಿನ್ನಬೇಕಾದಷ್ಟು ಬೆಲ್ಲ ಯಾರಿಗೂ ಹಿತವಲ್ಲ. ಹಬ್ಬಕ್ಕೋ ವಾರಕ್ಕೊಮ್ಮೆಯೋ ತಿಂದರೆ ಸಾಕು. ಅದೂ ಬಟ್ಟಲಿನಲ್ಲಿ ಒಂದು ಚಮಚ ಹಾಕಿಕೊಂಡು ಅದ್ದಿ ತಿನ್ನಿ, ತೆಳ್ಳೇವಿನ ಮೇಲೆ ಸುರಿಯಬೇಡಿ.

ಪ್ರಶ್ನೆ: ಮಕ್ಕಳಿಗೆ ಸ್ಯಾಂಡ್‌ವಿಚ್, ಕಟ್ಲೆಟ್ ಎಲ್ಲದಕ್ಕೂ ಮೇಯೊನೀಸ್ ಬೇಕು. ಮೊಟ್ಟೆ ಇಲ್ಲದ್ದನ್ನೇ ತರುತ್ತೇವೆ. ಮೊಸರಿನಿಂದ ಮಾಡಿದರೆ ನೀರು ನೀರಾಗಿ ಬ್ರೆಡ್ ನೆನೆದು ಹೋಗುತ್ತದೆ. (ಕಾರವಾರ)

ಮೊಟ್ಟೆ ಇಲ್ಲ ಎಂದ ಮಾತ್ರಕ್ಕೆ ಎಣ್ಣೆ ಕಡಿಮೆ ಎಂದಲ್ಲ. ಮಾಮೂಲಿ ಮೇಯೊನೀಸಿನ ತೂಕದಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಎಣ್ಣೆಯೇ. ಎಣ್ಣೆ ಕಡಿಮೆ ಮಾಡಿದವುಗಳಲ್ಲಿ ಪಿಷ್ಟವೂ ಸಕ್ಕರೆಯೂ ಆ ಜಾಗಕ್ಕೆ ಬಂದಿರುತ್ತವೆ. ಬಾಟಲಿಯ ಹಿಂದೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ, ಮೊದಲ ಮೂರು ಹೆಸರು ಓದಿದರೆ ವಿಷಯ ತಿಳಿಯುತ್ತದೆ. ಎಣ್ಣೆಯ ಮೇಯೊನೀಸ್ ಒಂದು ದೊಡ್ಡ ಚಮಚಕ್ಕೆ 90ರಿಂದ 100 ಕ್ಯಾಲೊರಿ. ಅಷ್ಟೇ ಚಕ್ಕಾ, ಅಂದರೆ ನೀರು ಬಸಿದ ಮೊಸರು, 20ರ ಆಸುಪಾಸು. ಜೊತೆಗೆ ಪ್ರೋಟೀನೂ ಸಿಗುತ್ತದೆ.

ಶ್ರೀಖಂಡ ಮಾಡುವ ನಿಮ್ಮೂರಿನವರಿಗೆ ಚಕ್ಕಾ ಹೊಸದಲ್ಲ. ಅರ್ಧ ಕಿಲೋ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನೊಳಗೆ ಐದಾರು ಗಂಟೆ ಬಿಡಿ. ಕಾರವಾರದ ಸೆಖೆಯಲ್ಲಿ ಹೊರಗೆ ನೇತುಹಾಕಿದರೆ ನೀರು ಇಳಿಯುವಷ್ಟರಲ್ಲಿ ಮೊಸರು ಹುಳಿಯಾಗಿರುತ್ತದೆ. ಸುಮಾರು 200 ಗ್ರಾಂ ಚಕ್ಕಾ ಸಿಗುತ್ತದೆ. ಕೆನೆ ಪೂರ್ತಿ ತೆಗೆದ ಹಾಲಿನ ಮೊಸರು ಬೇಡ, ಅದರ ಚಕ್ಕಾ ಒಣಗಿದಂತಾಗಿ ಹರಳು ಹರಳಾಗುತ್ತದೆ. ಕೆಳಗೆ ಇಳಿದ ನೀರನ್ನು ಚಪಾತಿ ಹಿಟ್ಟು ಕಲಸಲು ಬಳಸಿ.

ನೀರೊಡೆಯಲು ಮೂರು ಕಾರಣ. ಒಂದು, ಮಿಕ್ಸಿ. ಮೊಸರನ್ನು ಮಿಕ್ಸಿಗೆ ಹಾಕಿದ ಕೂಡಲೇ ಅದರ ಕಟ್ಟು ಒಡೆದು ಮಜ್ಜಿಗೆಯ ಹದಕ್ಕೆ ಬರುತ್ತದೆ, ಮತ್ತೆ ಗಟ್ಟಿಯಾಗದು. ಚಕ್ಕಾವನ್ನು ಯಾವಾಗಲೂ ಚಮಚದಿಂದಲೇ ತಿರುವಿ. ಎರಡು, ಸೌತೆಕಾಯಿ. ತುರಿದ ಸೌತೆಗೆ ಒಂದು ಚಿಟಿಕೆ ಉಪ್ಪು ಬೆರೆಸಿ ಹತ್ತು ನಿಮಿಷ ಇಟ್ಟು, ಮುಷ್ಟಿಯಲ್ಲಿ ಹಿಂಡಿ ಆಮೇಲೆ ಸೇರಿಸಿ. ಮೂರು, ಸೊಪ್ಪಿನ ನೀರು. ಪುದೀನ, ಕೊತ್ತಂಬರಿ ತೊಳೆದು ಬಟ್ಟೆಯಲ್ಲಿ ಒರೆಸಿಯೇ ಹೆಚ್ಚಬೇಕು.

200 ಗ್ರಾಂ ಚಕ್ಕಾಕ್ಕೆ ಒಂದು ಎಸಳು ಬೆಳ್ಳುಳ್ಳಿ ಜಜ್ಜಿದ್ದು, ಕಾಲು ಚಮಚ ಕಾಳುಮೆಣಸಿನ ಪುಡಿ, ಕಾಲು ಚಮಚ ಅರೆದ ಸಾಸಿವೆ, ಎರಡು ಚಮಚ ಶೇಂಗಾ ಎಣ್ಣೆ, ಕಾಲು ಚಮಚ ಉಪ್ಪು ಸಾಕು. ಆ ಎರಡು ಚಮಚ ಎಣ್ಣೆ ಬಿಡಬೇಡಿ, ಮಕ್ಕಳು ಮೇಯೊನೀಸಿನಲ್ಲಿ ಮೆಚ್ಚುವ ನುಣುಪು ಅಲ್ಲಿಂದಲೇ ಬರುತ್ತದೆ. ಬೆಳ್ಳುಳ್ಳಿ ತಿನ್ನದ ಮನೆಗಳಲ್ಲಿ ಒಂದು ಚಮಚ ತುರಿದ ಮಾವಿನಶುಂಠಿ ಹಾಕಿದರೆ ಬಹಳ ಚೆನ್ನಾಗಿರುತ್ತದೆ. ಡಬ್ಬಿಗೆ ಕಟ್ಟುವ ಸ್ಯಾಂಡ್‌ವಿಚ್ ಆದರೆ ಬ್ರೆಡ್ಡನ್ನು ಕಾವಲಿಯ ಮೇಲೆ ಒಣಗಿಸಿ, ಆರಿದ ಮೇಲೆ ಸವರಿ.

ಪ್ರಶ್ನೆ: ಹಮ್ಮಸ್ (ಕಾಬೂಲಿ ಕಡಲೆಯ ಅರೆದ ಗೊಜ್ಜು) ಮನೆಯಲ್ಲಿ ಮಾಡಿದರೆ ತರಿತರಿ, ಮೇಲಿಂದ ಕಹಿ. ತಾಹಿನಿ (ಅರೆದ ಎಳ್ಳಿನ ಮುದ್ದೆ) ಇಲ್ಲಿ ಸಿಗುವುದಿಲ್ಲ, ಎಳ್ಳು ಹಾಕಿದೆ. ತಪ್ಪಿದ್ದೆಲ್ಲಿ? (ಕುಮಟಾ)

ಕಹಿಗೆ ಎಳ್ಳಾಗಲಿ ಆಲಿವ್ ಎಣ್ಣೆಯಾಗಲಿ ಕಾರಣ. ಎಳ್ಳು ಚಟಪಟ ಎಂದು ಕೆಂಪಾದರೆ ಕಹಿಯಾಯಿತೆಂದೇ ಲೆಕ್ಕ. ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ, ಬಣ್ಣ ತಿರುಗುವ ಮೊದಲೇ, ಕೈಗೆ ಬಿಸಿ ತಾಗಿ ಪರಿಮಳ ಬಂದ ಕೂಡಲೇ ಇಳಿಸಿ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕಪ್ಪಾಗುತ್ತದೆ. ಆಲಿವ್ ಎಣ್ಣೆಯನ್ನು ಮಿಕ್ಸಿಯಲ್ಲಿ ತಿರುಗಿಸಿದರೂ ಕಹಿ ಬಿಡುತ್ತದೆ. ಬೇಕಿದ್ದರೆ ಬಡಿಸುವಾಗ ಮೇಲೆ ಒಂದು ಚಮಚ ಹಾಕಿ, ಇಲ್ಲದಿದ್ದರೆ ಎಳ್ಳೆಣ್ಣೆಯೇ ಆಗುತ್ತದೆ.

ತರಿಗೆ ಕಾರಣ ಬೇಯದ ಕಡಲೆ. ಒಂದು ಕಪ್ ಕಾಬೂಲಿ ಕಡಲೆಯನ್ನು ಹತ್ತು ಹನ್ನೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರು ಮತ್ತು ಕಾಲು ಚಮಚ ಅಡಿಗೆ ಸೋಡಾ ಹಾಕಿ ಕುಕ್ಕರಿನಲ್ಲಿ ಮೊದಲ ಕೂಗಿನ ಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿ. ಸೋಡಾ ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ. ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯಂತೆ ಹಿಸುಕಬೇಕು, ಪಲ್ಯಕ್ಕಾಗುವಷ್ಟು ಬೆಂದದ್ದು ಇಲ್ಲಿಗೆ ಸಾಲದು. ಹಳೆಯ ದಾಸ್ತಾನಿನ ಕಡಲೆ ಎಷ್ಟು ಹೊತ್ತು ಬೇಯಿಸಿದರೂ ಗಟ್ಟಿಯೇ, ಅಂಗಡಿ ಬದಲಿಸಿ ನೋಡಿ.

ಕಡೆಯುವಾಗ ಎಳ್ಳು ಮೊದಲು. ನಾಲ್ಕು ದೊಡ್ಡ ಚಮಚ ಎಳ್ಳನ್ನು ಒಣಗಿದ ಜಾರಿನಲ್ಲಿ ಎಣ್ಣೆ ಬಿಡುವವರೆಗೆ ತಿರುಗಿಸಿ. ಒಂದು ನಿಂಬೆಹಣ್ಣಿನ ರಸದಲ್ಲಿ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿಯನ್ನು ಹತ್ತು ನಿಮಿಷ ಇಟ್ಟು ಸೇರಿಸಿ, ಹುಳಿಯಲ್ಲಿ ಕೂತ ಬೆಳ್ಳುಳ್ಳಿಯ ಘಾಟು ಇಳಿಯುತ್ತದೆ. ನಂತರ ಬಿಸಿ ಆರುವ ಮುನ್ನವೇ ಕಡಲೆ, ಮುಕ್ಕಾಲು ಚಮಚ ಉಪ್ಪು ಹಾಕಿ, ತಣ್ಣೀರನ್ನು ಚಮಚ ಚಮಚವಾಗಿ ಬಿಡುತ್ತ ಮೂರು ನಾಲ್ಕು ನಿಮಿಷ ಅರೆಯಿರಿ. ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗೇ ನಿಲ್ಲಿಸಿ. ಒಬ್ಬರಿಗೆ ಮೂರು ದೊಡ್ಡ ಚಮಚ ಸಾಕು. ಕಾಳು ತಿಂದು ಅಭ್ಯಾಸವಿಲ್ಲದವರಿಗೆ ಅದಕ್ಕಿಂತ ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ.

ಏನನ್ನು ಅದ್ದುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಕರಿದ ಚಿಪ್ಸಿನ ಜೊತೆ ತಿಂದರೆ ಇಷ್ಟು ಪಟ್ಟ ಶ್ರಮ ವ್ಯರ್ಥ. ಸೌತೆ, ಕ್ಯಾರೆಟ್, ಮೂಲಂಗಿ, ಹಬೆಯಲ್ಲಿ ಬೇಯಿಸಿದ ಸಿಹಿಗೆಣಸು ಇಟ್ಟುಕೊಳ್ಳಿ.

ಕಡಲೆಯೇ ಬೇಡವೆಂದರೆ ಸುಟ್ಟ ಬದನೆಯ ಗೊಜ್ಜಿದೆ. ನಮ್ಮ ದೃಷ್ಟಿಯಲ್ಲಿ ಇಡೀ ಪಟ್ಟಿಯಲ್ಲಿ ಇದಕ್ಕಿಂತ ಹಗುರವಾದದ್ದು ಇಲ್ಲ. 300 ಗ್ರಾಂ ತೂಗುವ ಒಂದು ಬದನೆಗೆ ನಾಲ್ಕೈದು ಕಡೆ ಚಾಕು ಚುಚ್ಚಿ (ಚುಚ್ಚದಿದ್ದರೆ ಒಲೆಯ ಮೇಲೇ ಸಿಡಿಯುತ್ತದೆ) ಕೆಂಡದಲ್ಲೋ ಗ್ಯಾಸಿನ ಉರಿಯಲ್ಲೋ ತಿರುಗಿಸುತ್ತ ಕಾಲು ಗಂಟೆ ಸುಡಿ. ಸಿಪ್ಪೆ ತೆಗೆದು ಐದು ನಿಮಿಷ ಜರಡಿಯಲ್ಲಿಟ್ಟು ಕಹಿ ನೀರು ಬಸಿಯಲು ಬಿಡಿ. ಕೈಯಲ್ಲೇ ಕಿವುಚಿ, ಹಸಿಮೆಣಸು, ಹೆಚ್ಚಿದ ಈರುಳ್ಳಿ, ಎರಡು ದೊಡ್ಡ ಚಮಚ ಮೊಸರು ಬೆರೆಸಿ. ಎಣ್ಣೆ ಒಂದೇ ಚಮಚ, ಒಗ್ಗರಣೆಗೆ ಮಾತ್ರ.

ಪ್ರಶ್ನೆ: ನನಗೆ ಬಿಪಿ ಇದೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಉಪ್ಪು ಕಡಿಮೆ ಹಾಕಿ ಮಾಡಬಹುದೇ? ಕಲ್ಲುಪ್ಪು ಹಾಕಿದರೆ ತೊಂದರೆ ಇಲ್ಲ ಎನ್ನುತ್ತಾರಲ್ಲ? (ಸಿದ್ದಾಪುರ)

ಬೇಡ. ಮಿಡಿಯೊಳಗಿನ ನೀರನ್ನು ಎಳೆದು ಅದನ್ನು ಚಿರುಟಿಸುವುದೂ, ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುವುದೂ ಆ ಉಪ್ಪೇ. ಕಡಿಮೆಯಾದರೆ ಮಿಡಿ ಮೆತ್ತಗಾಗಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಉಪ್ಪಿನಕಾಯಿಯನ್ನು ಇದ್ದ ಕ್ರಮದಲ್ಲೇ ಹಾಕಿ, ಕಡಿತ ಮಾಡುವುದನ್ನು ಎಲೆಯಲ್ಲಿ ಮಾಡಿ. ಉಪ್ಪಿನಕಾಯಿಯ ತೂಕದಲ್ಲಿ ಹತ್ತನೇ ಒಂದು ಪಾಲಿಗೂ ಮಿಕ್ಕಿ ಉಪ್ಪಿರುವುದು ಸಾಮಾನ್ಯ. ರಸ ಸಮೇತ ಒಂದು ದೊಡ್ಡ ಚಮಚ ಹಾಕಿಸಿಕೊಂಡರೆ ಒಂದೂವರೆ ಗ್ರಾಂ ಉಪ್ಪು ಅಲ್ಲೇ ಹೋಯಿತು. ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ.

ಹೀಗೆ ಮಾಡಿ ನೋಡಿ. ಉಪ್ಪಿನಲ್ಲಿಟ್ಟ ಒಂದು ಮಿಡಿಯನ್ನು ಎರಡು ಗಂಟೆ ನೀರಿನಲ್ಲಿ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ, ಸಣ್ಣಗೆ ಹೆಚ್ಚಿ ಒಂದು ಕಪ್ ಮೊಸರಿಗೆ ಬೆರೆಸಿ. ಬೇರೆ ಉಪ್ಪು ಹಾಕಬೇಡಿ. ಅಪ್ಪೆಯ ಪರಿಮಳ ಉಳಿಯುತ್ತದೆ, ನಾಲ್ಕು ಜನರಿಗೆ ಸಾಲುತ್ತದೆ. ಹೀಗೆ ನೆನೆಸಿದ ಮಿಡಿ ಅಂದೇ ಖರ್ಚಾಗಬೇಕು. ಹಸಿ ಮಿಡಿ ಸಿಗುವ ದಿನಗಳಲ್ಲಿ ಉಪ್ಪು ನಿಮ್ಮ ಕೈಯಲ್ಲೇ ಇರುವ ಅಪ್ಪೆಹುಳಿ (ಮಿಡಿಯ ತೆಳು ಸಾರು) ಮಾಡಿಕೊಳ್ಳುವುದು ಇನ್ನೂ ಉತ್ತಮ.

ಸಾಣಿಕಟ್ಟೆಯ ಕಲ್ಲುಪ್ಪಾಗಲಿ ಪುಡಿ ಉಪ್ಪಾಗಲಿ, ತೂಕಕ್ಕೆ ತೂಕ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ. ಹರಳು ದೊಡ್ಡದಾದ್ದರಿಂದ ಚಮಚದಲ್ಲಿ ಕಡಿಮೆ ಹಿಡಿಯುತ್ತದೆ, ವ್ಯತ್ಯಾಸ ಅಷ್ಟೇ. ದಿನದ ಅಡುಗೆಗೆ ಪೊಟ್ಟಣದ ಮೇಲೆ ಅಯೋಡಿನ್ ಇದೆಯೇ ನೋಡಿ ಕೊಳ್ಳಿ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮತ್ತು ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಬಳಸಬಾರದು.

ಪ್ರಶ್ನೆ: ಹಾಲು, ಮಜ್ಜಿಗೆ ಬಿಟ್ಟಿದ್ದೇನೆ. ಮಜ್ಜಿಗೆ ಇಲ್ಲದೆ ತಂಬುಳಿ ಆಗುತ್ತದೆಯೇ? (ಯಲ್ಲಾಪುರ)

ಆಗುತ್ತದೆ. ಹುಳಿಗೆ ಮುರುಗಲು (ಕೋಕಂ) ಇದೆ. ಐದಾರು ಒಣ ಮುರುಗಲು ಸಿಪ್ಪೆಯನ್ನು ಒಂದು ಕಪ್ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ. ಬೇರು ಸಮೇತ ಚೆನ್ನಾಗಿ ತೊಳೆದ ಒಂದು ಮುಷ್ಟಿ ಒಂದೆಲಗ, ಅರ್ಧ ಚಮಚ ಎಣ್ಣೆಯಲ್ಲಿ ಹುರಿದ ಅರ್ಧ ಚಮಚ ಜೀರಿಗೆ ಮತ್ತು ಐದಾರು ಕಾಳುಮೆಣಸು, ಮೂರು ದೊಡ್ಡ ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ಕಡೆದು ಆ ನೀರಿಗೆ ಬೆರೆಸಿ. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿರುವುದುಂಟು, ಆದ್ದರಿಂದ ರುಚಿ ನೋಡಿಯೇ ಉಪ್ಪು ಹಾಕಿ. ಸೊಪ್ಪಿನ ಹಸಿರು ಮುರುಗಲಿನ ಕೆಂಪಿಗೆ ಸೇರಿ ಬಣ್ಣ ಮಂಕಾಗುತ್ತದೆ, ರುಚಿಗೆ ಕೊರತೆಯಿಲ್ಲ. ದೊಡ್ಡಪತ್ರೆಯಾದರೆ ಎಲೆಯನ್ನು ಬಾಡಿಸಿಯೇ ಕಡೆಯಿರಿ, ಹಸಿಯದು ಗಂಟಲಲ್ಲಿ ಒಗರು ಹಿಡಿಯುತ್ತದೆ. ತಂಬುಳಿಯನ್ನು ಕಡೆದ ಮೇಲೆ ಕುದಿಸಬೇಡಿ.

ಹುಳಿ ಪದಾರ್ಥದಿಂದ ಇನ್ನೊಂದು ಲಾಭವಿದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ನೆಲ್ಲಿಕಾಯಿ, ನಿಂಬೆಯಲ್ಲಿರುವ ಸಿ ಜೀವಸತ್ವ ಅದೇ ಊಟದಲ್ಲಿದ್ದರೆ ಹೀರಿಕೆ ಹೆಚ್ಚುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ತಗ್ಗುತ್ತದೆ. ಹಾಗಾಗಿ ವಾರದಲ್ಲಿ ಎರಡು ದಿನ ನೆಲ್ಲಿಕಾಯಿ ತಂಬುಳಿ ಮಾಡಿ. ಹಾಲು ಮೊಸರು ಪೂರ್ತಿ ಬಿಟ್ಟ ಸಸ್ಯಾಹಾರಿಗೆ ಬಿ12 ಜೀವಸತ್ವ ಊಟದಿಂದ ಸಿಗುವುದಿಲ್ಲ. ಯಾವ ಸೊಪ್ಪೂ ಅದನ್ನು ತುಂಬಿಕೊಡದು. ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರೆ ತೆಗೆದುಕೊಳ್ಳಿ.

ಪ್ರಶ್ನೆ: ಇಶಾಡ ಮಾವಿನ ಹಣ್ಣಿನಿಂದ ಸಕ್ಕರೆ ಕಡಿಮೆ ಹಾಕಿ ಜಾಮ್ ಮಾಡಬಹುದೇ? (ಅಂಕೋಲಾ)

ಮಾಡಬಹುದು, ಆದರೆ ಅದು ಅಂಗಡಿ ಜಾಮಿನಂತೆ ಗಟ್ಟಿಯಾಗಿ ಕೂರುವುದಿಲ್ಲ, ತಿಂಗಳುಗಟ್ಟಲೆ ಬಾಳುವುದೂ ಇಲ್ಲ. ಎರಡೂ ಗುಣ ಸಕ್ಕರೆಯಿಂದಲೇ ಬರುವಂಥವು. ಎರಡು ಕಪ್ ರಸವನ್ನು ಸಕ್ಕರೆ ಇಲ್ಲದೆ ದಪ್ಪ ತಳದ ಪಾತ್ರೆಯಲ್ಲಿ ಕೈಯಾಡಿಸುತ್ತ ಅರ್ಧಕ್ಕೆ ಇಳಿಸಿ, ಎರಡು ಚಮಚ ನಿಂಬೆರಸ ಹಾಕಿ. ಇಶಾಡಕ್ಕೆ ಅದರದ್ದೇ ಸಿಹಿ ಸಾಕು. ಫ್ರಿಜ್ಜಿನಲ್ಲಿ ಒಂದು ವಾರ, ಫ್ರೀಜರಿನಲ್ಲಿ ಮೂರು ತಿಂಗಳು ಇಡಬಹುದು. ಸಕ್ಕರೆ ಕಾಯಿಲೆಯವರಿಗೆ ಇದೂ ಒಂದು ಚಮಚದ ಲೆಕ್ಕದಲ್ಲೇ.

ಪ್ರಶ್ನೆ: ಮಳೆಗಾಲದಲ್ಲಿ ಚಟ್ನಿಪುಡಿ ಕಮಟು ವಾಸನೆ ಬರುತ್ತದೆ. ಮನೆಯಲ್ಲಿ ಮಾಡಿದ ಶೇಂಗಾ ಬೆಣ್ಣೆಯೂ ಹಾಗೆಯೇ. ಯಾವುದನ್ನು ಎಷ್ಟು ದಿನ ಇಡಬಹುದು? (ಹೊನ್ನಾವರ)

ಚಟ್ನಿಪುಡಿಯಲ್ಲಿ ಮೊದಲು ಕೆಡುವುದು ಒಣಕೊಬ್ಬರಿ. ಮಳೆಗಾಲಕ್ಕೆ ಮಾಡುವ ಪುಡಿಗೆ ಕೊಬ್ಬರಿ ಹಾಕದೆ ಬೇಳೆ, ಮೆಣಸು, ಕರಿಬೇವು, ಹುಣಸೆಹಣ್ಣಿನಲ್ಲೇ ಮುಗಿಸಿ. ಕರಿಬೇವನ್ನು ಮುಟ್ಟಿದರೆ ಪುಡಿಯಾಗುವಷ್ಟು ಹುರಿಯಬೇಕು. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಮುಚ್ಚಳದ ಒಳಗೆ ಹಬೆ ನೀರಾಗಿ ಪುಡಿಗೇ ಇಳಿಯುತ್ತದೆ. ಅಗಸೆಯ ಪುಡಿಯನ್ನು ಬೇರೆಯೇ ಇಡಿ. ಮೀನು ತಿನ್ನದವರಿಗೆ ಒಮೆಗಾ-3 ಕೊಡುವ ಒಳ್ಳೆಯ ಕಾಳದು, ಆದರೆ ಆ ಕೊಬ್ಬು ಬೇಗ ಕಮಟುತ್ತದೆ. ಎರಡು ವಾರಕ್ಕೆ ಸಾಕಾಗುವಷ್ಟೇ ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ. ಪುಡಿಯನ್ನು ಎಣ್ಣೆಯಲ್ಲಿ ತೇಲಿಸಿಕೊಳ್ಳುವ ಬದಲು ಮೊಸರಿನಲ್ಲಿ ಕಲಸಿಕೊಂಡರೆ ಒಂದೇ ಹೊತ್ತಿಗೆ ನೂರು ಕ್ಯಾಲೊರಿ ಉಳಿಯುತ್ತದೆ.

ಶೇಂಗಾ ಬೆಣ್ಣೆಗೆ ಮುಗ್ಗಿದ, ಸುಕ್ಕಾದ, ಬಣ್ಣ ಕೆಟ್ಟ ಬೀಜವನ್ನೆಲ್ಲ ಆರಿಸಿ ತೆಗೆಯಿರಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಹುರಿದರೂ ಪೂರ್ತಿ ಹೋಗದು. ಹುರಿದು ಸಿಪ್ಪೆ ತೆಗೆದ ಬೀಜವನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ತಾನಾಗಿ ಎಣ್ಣೆ ಬಿಟ್ಟು ಹರಿಯುವ ಹದ. ಮುದ್ದೆಯಾದಾಗ ಕೈಸೋತು ನೀರು ಹಾಕಬೇಡಿ, ಹಾಕಿದರೆ ಬಿಗಿದುಕೊಳ್ಳುತ್ತದೆ, ಎರಡೇ ದಿನಕ್ಕೆ ಕೆಡುತ್ತದೆ. ಸರಿಯಾಗಿ ಆದದ್ದು ಫ್ರಿಜ್ಜಿನಲ್ಲಿ ಒಂದು ತಿಂಗಳು ಇರುತ್ತದೆ. ದಿನಕ್ಕೆ ಒಂದು ದೊಡ್ಡ ಚಮಚ ಸಾಕು, ಅದೇ ಸುಮಾರು 95 ಕ್ಯಾಲೊರಿ.

ಹಸಿ ಕಾಯಿಯ ಚಟ್ನಿ ಕರಾವಳಿಯ ಸೆಖೆಯಲ್ಲಿ ಹೊರಗೆ ಎರಡು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ. ಚಕ್ಕಾದ್ದು ಮೂರು ದಿನ, ಹಮ್ಮಸ್ ನಾಲ್ಕು ದಿನ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಅಪಾಯ. ಗಾಳಿಯಿಲ್ಲದ ಆ ಎಣ್ಣೆಯಡಿ ಬೊಟುಲಿಸಂ ವಿಷ ಹುಟ್ಟಬಹುದು, ವಾಸನೆಯಿಂದ ಅದು ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಫ್ರಿಜ್ಜು ನಾಲ್ಕು ಗಂಟೆಗೂ ಮಿಕ್ಕಿ ನಿಂತಿದ್ದರೆ ಕಾಯಿಯ ಚಟ್ನಿ, ಮೊಸರಿನವು, ಹಮ್ಮಸ್ ಮೂರನ್ನೂ ಚೆಲ್ಲಿ. ಶೇಂಗಾ ಬೆಣ್ಣೆ, ಉಪ್ಪಿನಕಾಯಿ ಉಳಿಸಿಕೊಳ್ಳಬಹುದು.